ನಾನು, ನನ್ನ ನೆಗೆಣ್ಣಿ ಮತ್ತು ಕಬ್ಬಿಣದ ಗುಂಡು

ಮೊದಲೇ ಹೇಳಿಬಿಡುವುದು ಒಳ್ಳೆಯದು: ನಾನು ಗುಂಡು ಎಸೆಯುವ ಹೆಂಗಸು. ಹೀಗೆಂದ ಕೂಡಲೇ ಕೆಲವರು ಒಂದು ಹೆಜ್ಜೆ ಹಿಂದೆ ಸರಿಯುತ್ತಾರೆ. ಹೆದರಬೇಡಿ, ಅದು ಸಿಡಿಯುವ ಗುಂಡಲ್ಲ, ಕುಡಿಯುವ ಗುಂಡೂ ಅಲ್ಲ. ಆಟದ ಬಯಲಿನಲ್ಲಿ ಕುತ್ತಿಗೆಯ ಪಕ್ಕ ಒತ್ತಿ ಹಿಡಿದು ಮುಂದಕ್ಕೆ ತಳ್ಳುವ, ನಾಲ್ಕು ಕಿಲೋ ತೂಕದ ಕಬ್ಬಿಣದ ಗುಂಡು. ನನಗೆ ನಲವತ್ತೈದು ದಾಟಿದೆ. ಮೆಟ್ಟಿಲು ಕಂಡರೆ ಮೊಣಕಾಲು ಮುಖ ಸಿಂಡರಿಸುತ್ತದೆ. ಸರ್ಕಾರಿ ಕಚೇರಿಯಲ್ಲಿ ಕೂತೂ ಕೂತೂ ಸೊಂಟ ಕುರ್ಚಿಯ ಆಕಾರಕ್ಕೆ ಬಂದಿದೆ. ಆದರೂ ಬೆಳಗಾದರೆ ಆಂಧ್ರದ ಗಡಿಯಲ್ಲಿರುವ ನಮ್ಮೂರು ಆದೋನಿಯ ಕಾಲೇಜು ಬಯಲಿಗೆ ಹೋಗಿ ಗುಂಡು ಎಸೆದು ಬಾರದಿದ್ದರೆ ತಿಂದ ಅನ್ನ ಮೈಗೆ ಹತ್ತುವುದಿಲ್ಲ.

ನನ್ನ ಹೆಸರು ಶಾಂತಾ. ತೊಟ್ಟಿಲಲ್ಲಿ ನಿದ್ದೆ ಹೋಗಿದ್ದ ಕೂಸಿನ ಮುಖ ನೋಡಿ ಇಟ್ಟ ಹೆಸರಿರಬೇಕು. ಕೂಸು ಎದ್ದ ಮೇಲೆ ಬದಲಿಸಬೇಕಿತ್ತು, ಯಾರಿಗೂ ಪುರುಸೊತ್ತಾಗಲಿಲ್ಲ. ಶಾಲೆಯಲ್ಲಿ ಮುಂದಿನ ಬೆಂಚೇ ಬೇಕು, ಬಸ್ಸಿನಲ್ಲಿ ಕಿಟಕಿಯೇ ಬೇಕು, ರಂಗೋಲಿ ಹಾಕಿದರೆ ಎದುರು ಮನೆಯದಕ್ಕಿಂತ ಒಂದು ಸುತ್ತಾದರೂ ದೊಡ್ಡದಿರಬೇಕು. ಕೆಲಸಕ್ಕೆ ಸೇರಿದ ಮೇಲೆ ಇಲಾಖೆಯ ಪರೀಕ್ಷೆಗಳನ್ನು ಒಂದೊಂದಾಗಿ ಬರೆದೆ. ಬರೆಯಬೇಕಾದವು ಮುಗಿದ ಮೇಲೆ ಬರೆಯಬೇಕಿಲ್ಲದವನ್ನೂ ಬರೆದೆ. ಈಗ ಹೊಳಗುಂದದ ನಮ್ಮ ಕಚೇರಿಯಲ್ಲಿ ನನ್ನಷ್ಟು ಪರೀಕ್ಷೆ ಪಾಸಾದವರು ಯಾರೂ ಇಲ್ಲ. ಅದರಿಂದ ಏನು ಉಪಯೋಗ ಎಂದು ಕೇಳುವವರೂ ಇಲ್ಲ, ನಮ್ಮವರೊಬ್ಬರನ್ನು ಬಿಟ್ಟರೆ.

ಈ ಗುಣಕ್ಕೆ ಪುಸ್ತಕದಲ್ಲಿ ಮಹತ್ವಾಕಾಂಕ್ಷೆ ಎಂಬ ಹೆಸರಿದೆ. ಆ ಪದ ಹೇಳುವುದಕ್ಕೇ ಎದೆ ತುಂಬ ಉಸಿರು ಬೇಕು; ನಡುವೆ ಮುಗ್ಗರಿಸದೆ ಹೇಳಿ ಮುಗಿಸಿದವರು ಅರ್ಧ ಗೆದ್ದಂತೆ. ತೃಪ್ತಿ ಎಂಬ ಪದ ನೋಡಿ, ಬಾಯಿ ತೆರೆಯುವಷ್ಟರಲ್ಲಿ ಮುಗಿದೇ ಹೋಗಿರುತ್ತದೆ, ಊಟ ಮುಗಿಸಿ ಕೈ ತೊಳೆಯಲು ಎದ್ದ ಹಾಗೆ. ನಮ್ಮ ಕಡೆಯ ಮಾತಿನಲ್ಲಿ ಮಹತ್ವಾಕಾಂಕ್ಷೆಗೆ ಬೇರೆ ಪದವಿಲ್ಲ. ಇರುವುದು ‘ಆಕಿಗೆ ಭಾಳ ಐತಿ’ ಎಂಬ ಒಂದೇ ಮಾತು. ಏನು ಐತಿ ಎಂದು ಯಾರೂ ಬಿಡಿಸಿ ಹೇಳುವುದಿಲ್ಲ. ಅದೇ ಗಂಡಸಿನಲ್ಲಿದ್ದರೆ ‘ಅವ ಹುಷಾರ್ ಅದಾನ’ ಎನ್ನುತ್ತಾರೆ. ಹೆಂಗಸರಿಗೆ ಭಾಳ ಇರುತ್ತದೆ, ಗಂಡಸರು ಹುಷಾರಿರುತ್ತಾರೆ.

ನನಗೆ ‘ಭಾಳ ಐತಿ’ ಎಂಬುದು ಎದ್ದು ಕಾಣುತ್ತಿದ್ದುದಕ್ಕೆ ಇನ್ನೊಂದು ಕಾರಣ ನಮ್ಮ ಮನೆಯಲ್ಲೇ ಇತ್ತು. ಅದರ ಹೆಸರು ನೀಲಾ. ನನ್ನ ಮೈದುನನ ಹೆಂಡತಿ, ಅಂದರೆ ನನ್ನ ನೆಗೆಣ್ಣಿ. ಕೆಳಗಿನ ಮನೆ ನಮ್ಮದು, ಮೇಲಿನದು ಅವರದು, ಅಡಿಗೆಮನೆ ಮಾತ್ರ ಒಂದೇ. ನೀಲಾ ಹಾಲಹರವಿಯವಳು, ನನಗಿಂತ ಕೆಲವೇ ತಿಂಗಳು ಚಿಕ್ಕವಳು. ಹೊಳಗುಂದದ ದಾರಿಯಲ್ಲಿರುವ ಒಂದು ಹಳ್ಳಿಯ ಶಾಲೆಯಲ್ಲಿ ಒಂದನೇ ತರಗತಿಯ ಟೀಚರು. ಇಬ್ಬರೂ ಒಂದೇ ಬಸ್ಸಿಗೆ ಹೋಗುತ್ತೇವೆ. ಕಿಟಕಿ ನನಗೆ ಬಿಟ್ಟು, ಪಕ್ಕದಲ್ಲಿ ಕೂತು, ಊರ ಹೊರಗಿನ ಹತ್ತಿ ಮಿಲ್ಲು ದಾಟುವಷ್ಟರಲ್ಲಿ ಅವಳು ನಿದ್ದೆಗೆ ಜಾರಿರುತ್ತಾಳೆ. ಇಳಿಯುವ ಊರು ಬಂದಾಗ ಯಾರೂ ಎಬ್ಬಿಸಬೇಕಿಲ್ಲ.

ಒಮ್ಮೆ ಅವಳಿಗೆ ಹೆಡ್ಮಿಸ್ಟ್ರೆಸ್ ಆಗುವ ಅವಕಾಶ ಬಂದಿತ್ತು. ಬೇಡವೆಂದು ಬರೆದುಕೊಟ್ಟು ಬಂದಳು. ಸುದ್ದಿ ಕೇಳಿ ಅವಳ ಗಂಡನಿಗಿಂತ ಹೆಚ್ಚು ನಾನೇ ಕುದ್ದುಹೋದೆ.

“ಯಾಕ ಒಲ್ಲೆ ಅಂದಿ?” ಎಂದು ಕೇಳಿದೆ.

“ಒಂದನೇ ಕ್ಲಾಸಿನ ಹುಡುಗ್ರು ಸಿಗಂಗಿಲ್ಲಲ್ಲಕ್ಕ. ‘ಅ’ ಬರ್ಯಾಕ ಬರಲಾರದ ಬರ್ತಾವ, ಹೋಗಾಗ ಹೆಸರು ಬರದು ತೋರಿಸ್ತಾವ. ಆ ಮಾರಿ ನೋಡ್ಬೇಕು. ಹೆಡ್ಮಿಸ್ಟ್ರೆಸ್ ಆದ್ರ ಬರೀ ಮೀಟಿಂಗಿಗೆ ಬಂದೋರ ಮಾರಿ ನೋಡ್ಬೇಕಾಗ್ತೈತಿ.”

ವಾದದಲ್ಲಿ ಸೋತರೆ ನನಗೆ ಸಿಟ್ಟು ಬರುತ್ತದೆ. ಇವಳದು ತೃಪ್ತಿಯಲ್ಲ, ಬರೀ ಸೋಮಾರಿತನ ಎಂದು ಮನಸ್ಸಿನಲ್ಲೇ ತೀರ್ಪು ಕೊಟ್ಟೆ.

ಗುಂಡು ನಮ್ಮ ಮನೆಗೆ ಬಂದದ್ದು ಹೀಗೆ. ಮಹಿಳಾ ದಿನದ ಲೆಕ್ಕದಲ್ಲಿ ಸರ್ಕಾರಿ ನೌಕರಿಯ ಹೆಂಗಸರಿಗೆಲ್ಲ ಕಾಲೇಜು ಬಯಲಿನಲ್ಲಿ ಆಟ ಇಟ್ಟಿದ್ದರು. ಕುರ್ಚಿಯಾಟದಲ್ಲಿ ನಾನು ಮೊದಲ ಸುತ್ತಿಗೇ ಔಟಾದೆ. ಕುರ್ಚಿ ಹಿಡಿದು ಬದುಕುವ ಕಚೇರಿಯವಳಿಗೆ ಇದು ಅವಮಾನ. ಮುಖ ಸಣ್ಣದು ಮಾಡಿಕೊಂಡು ಬರುವಾಗ ಮೂಲೆಯಲ್ಲಿ ಗುಂಡು ಎಸೆತ ನಡೆದಿತ್ತು. ನಡೆದಿತ್ತು ಎನ್ನುವುದು ದೊಡ್ಡ ಮಾತು. ಗುಂಡು ನೆಲದ ಮೇಲಿತ್ತು, ಎಸೆಯುವವರಿರಲಿಲ್ಲ. ಆಟ ಆಡಿಸಲು ಬಂದಿದ್ದ ಪಿ.ಟಿ. ಸಾರ್ ನಿವೃತ್ತರಾದವರು, ತೆಲುಗಿನವರು. ಹೋಗುವ ಬರುವ ಹೆಂಗಸರನ್ನೆಲ್ಲ “ರಂಡಿ ಮೇಡಂ, ಒಕ್ಕಸಾರಿ ಪಟ್ಟುಕೋಂಡಿ” ಎಂದು ಕರೆಯುತ್ತಿದ್ದರು. ಬನ್ನಿ, ಒಂದು ಸಲ ಹಿಡಿದು ನೋಡಿ ಎಂದು. ನಾನು ಹಿಡಿದೆ. ಕುರ್ಚಿಯಾಟದ ಸಿಟ್ಟು ಇನ್ನೂ ಬಿಸಿಯಾಗಿತ್ತು, ಅದನ್ನೆಲ್ಲ ಸೇರಿಸಿ ತಳ್ಳಿದೆ. ನನಗೇ ಮೊದಲ ಬಹುಮಾನ ಬಂತು, ಒಂದು ಸ್ಟೀಲ್ ಡಬ್ಬಿ. ಎದುರಾಳಿಗಳಲ್ಲಿ ಒಬ್ಬರು ಗುಂಡನ್ನು ತಮ್ಮ ಕಾಲ ಹತ್ತಿರವೇ ಹಾಕಿಕೊಂಡಿದ್ದರು ಎಂಬುದನ್ನು ಮನೆಯಲ್ಲಿ ಹೇಳಲಿಲ್ಲ. ಬಯಲಿನ ಅಂಚಿನಲ್ಲಿ ಕೂತು ಒಗ್ಗರಣೆ ಮಂಡಕ್ಕಿಗೆ ಮಿರ್ಚಿ ಬಜ್ಜಿ ನಂಜಿಕೊಳ್ಳುತ್ತಿದ್ದ ನೀಲಾ ಕೈ ತೊಳೆಯದೆಯೇ ಚಪ್ಪಾಳೆ ತಟ್ಟಿದಳು.

ಆ ಡಬ್ಬಿಯಲ್ಲಿ ಏನಿತ್ತೋ ಕಾಣೆ, ನನ್ನೊಳಗೆ ಹಳೆಯ ಬೇಕು ಎದ್ದು ಕೂತಿತು. ಪಿ.ಟಿ. ಸಾರ್ ದಿನಾ ಬೆಳಿಗ್ಗೆ ಬಯಲಿಗೆ ಬರುತ್ತಾರೆಂದು ತಿಳಿಯಿತು. ನಲವತ್ತೈದು ದಾಟಿದವರಿಗೂ ಜಿಲ್ಲೆ, ರಾಜ್ಯ ಎಂದು ಕ್ರೀಡಾಕೂಟಗಳಿವೆ ಎಂದೂ ತಿಳಿಯಿತು. ಅಷ್ಟು ತಿಳಿದ ಮೇಲೆ ನಾನು ಸುಮ್ಮನಿರುವುದುಂಟೆ? ಚೂಡಿದಾರ್ ತೊಟ್ಟು, ಕ್ಯಾನ್ವಾಸ್ ಬೂಟು ಕಟ್ಟಿ ಹೊರಟು ನಿಂತೆ. ಒಬ್ಬಳೇ ಹೋಗಲು ಸಂಕೋಚವೆನಿಸಿ ನೀಲಾಳನ್ನು ಎಳೆದುಕೊಂಡು ಹೋದೆ. ಜಗಲಿಯ ಮೇಲಿದ್ದ ಅತ್ತೆ ನಮ್ಮಿಬ್ಬರನ್ನೂ ಅಡಿಯಿಂದ ಮುಡಿಯವರೆಗೆ ನೋಡಿದರು.

“ಎಲ್ಲಿಗ್ರವಾ ಸವಾರಿ?”

“ಗುಂಡು ಒಗ್ಯಾಕ, ಅತ್ತಿ.”

“ಒಗೀರಿ, ಒಗೀರಿ. ಬರಾಗ ಕೊತ್ತಂಬ್ರಿ ತಗೊಂಡು ಬರ್ರಿ.”

ನೀಲಾ ಬಯಲಿಗೆ ಬರುತ್ತಿದ್ದದ್ದು ಜೊತೆಗಷ್ಟೆ. ಫ್ಲಾಸ್ಕಿನಲ್ಲಿ ಚಹಾ ತರುವುದು, ನಾನು ಎಸೆದ ಗುಂಡನ್ನು ತಂದುಕೊಡುವುದು, ಇವೆರಡು ಅವಳ ಕೆಲಸ. ಚಹಾದ ಕೆಲಸ ಅಚ್ಚುಕಟ್ಟಾಗಿ ನಡೆಯುತ್ತಿತ್ತು. ಗುಂಡು ತರುವುದು ಮಾತ್ರ ಅವಳಿಗೆ ಬೇಸರ. ಬಿಸಿಲು ಆಗಲೇ ಕೋಟೆಯ ಬೆಟ್ಟ ಇಳಿದು ಬಯಲಿಗೆ ಬಂದಿದ್ದ ಒಂದು ಬೆಳಿಗ್ಗೆ ಅವಳು ಗುಂಡಿನ ಹತ್ತಿರ ಹೋದವಳು ಅಲ್ಲಿಂದಲೇ ಕೂಗಿದಳು: “ಅಕ್ಕಾ, ಸರೀ. ಇಲ್ಲಿಂದನ ಒಗೀತೀನಿ, ಯಾರ್ ನಡೀತಾರ ಅಷ್ಟು ದೂರ!” ನಾನು ಸರಿದೆ. ಗುಂಡು ಬಂತು. ನಾನು ನಿಂತಿದ್ದ ಜಾಗ ದಾಟಿ, ಹಿಂದಿನ ಮಣ್ಣಿನಲ್ಲಿ ಧಪ್ಪೆಂದು ಬಿತ್ತು.

ಪಿ.ಟಿ. ಸಾರ್ ಕೊರಳಿನ ಸೀಟಿಯನ್ನು ಬಾಯಿಗಿಟ್ಟುಕೊಂಡವರು ಊದುವುದನ್ನು ಮರೆತರು. ಆಮೇಲೆ ಅವಳ ಬಳಿಗೆ ಓಡಿಹೋಗಿ, ಮದುವೆಗೆ ಕರೆಯುವಷ್ಟು ಮರ್ಯಾದೆಯಿಂದ, ಇನ್ನೊಂದು ಸಲ ಎಸೆಯಬೇಕೆಂದು ಕೇಳಿಕೊಂಡರು. ನೀಲಾ ಎಸೆದಳು. ಅದೂ ದೂರವೇ ಹೋಯಿತು. ಸಾರ್ ಟೇಪು ಹಿಡಿದು ಅಳೆಯಲು ಹೋದರೆ ಇವಳು ಅತ್ತ ನೋಡಲೂ ಇಲ್ಲ. ಫ್ಲಾಸ್ಕಿನ ಮುಚ್ಚಳ ತಿರುಗಿಸುತ್ತ ನನಗೆ ಚಹಾ ಬೇಕೇ ಎಂದು ಕೇಳಿದಳು.

ಅಂದು ನಾನು ಕುಡಿದ ಚಹಾಕ್ಕೆ ರುಚಿ ಇರಲಿಲ್ಲ.

ಅಸೂಯೆ ಎಂಬುದು ಅಪರಿಚಿತರ ಮೇಲೆ ಹುಟ್ಟಿದರೆ ಅಷ್ಟು ಕಷ್ಟವಿಲ್ಲ. ಒಂದೇ ಒಲೆಯ ಮೇಲೆ ಅಡಿಗೆ ಮಾಡುವವಳ ಮೇಲೆ ಹುಟ್ಟಿದರೆ ಅದಕ್ಕೆ ಇರಲು ಜಾಗವೇ ಇರುವುದಿಲ್ಲ. ಅವಳು ರೊಟ್ಟಿ ಬಡಿಯುವಾಗ ಆ ತೋಳನ್ನೇ ನೋಡುತ್ತಿದ್ದೆ. ಜೋಳದ ಹಿಟ್ಟು ನಾದಿ ನಾದಿ ಬೆಳೆದ ತೋಳು. ಹಾಗಾದರೆ ನಾನೂ ನಾದುತ್ತೇನೆಂದು ಕೆಲವು ದಿನ ರೊಟ್ಟಿಯ ಕೆಲಸವನ್ನು ಅವಳಿಂದ ಕಸಿದುಕೊಂಡೆ. ಮನೆಯವರೆಲ್ಲ ಆ ದಿನಗಳಲ್ಲಿ ಅನ್ನವನ್ನೇ ಹೆಚ್ಚು ಕೇಳಿ ಬಡಿಸಿಕೊಂಡರು. ಬೆಳಿಗ್ಗೆ ಸಾಲದೆಂದು ಸಂಜೆಯೂ ಬಯಲಿಗೆ ಹೋದೆ. ಪ್ರತಿ ಎಸೆತಕ್ಕೂ ಟೇಪು ಹಿಡಿಸಿದೆ. ಒಂದು ಗೇಣು ಮುಂದೆ ಹೋದರೆ ಆ ದಿನ ಹಬ್ಬ, ಹಿಂದೆ ಬಿದ್ದರೆ ಕಚೇರಿಯಲ್ಲಿ ಎದುರು ಬಂದವರಿಗೆಲ್ಲ ಗ್ರಹಚಾರ. ಕೊನೆಗೆ ಬಲ ಭುಜ ಒಂದು ದಿನ ಕರಕ್ಕೆಂದಿತು, ಜಡೆ ಹಾಕಿಕೊಳ್ಳಲೂ ಕೈ ಮೇಲೇಳಲಿಲ್ಲ.

ಹರಳೆಣ್ಣೆ ಬಿಸಿ ಮಾಡಿ ತಿಕ್ಕಿದವರು ಅತ್ತೆ. ಅವರ ತಿಕ್ಕುವಿಕೆಯಲ್ಲಿ ಮದ್ದೂ ಇತ್ತು, ಶಿಕ್ಷೆಯೂ ಇತ್ತು.

“ಆಕಿ ದೂರ ಒಗದ್ರ ನಿನ್ನ ಕೈಯಾಗಿಂದು ಏನರ ಕಸ್ಕೊಂಡ್ಳ?”

“ಇಲ್ಲತ್ತಿ.”

“ಮತ್ತ ಆಕಿ ಗುಂಡು ಎಲ್ಲಿ ಬೀಳ್ತೈತಿ ಅಂತ ನೋಡ್ಕೊಂತ ಕುಂತ್ರ ನಿನ್ನ ಗುಂಡು ಎಲ್ಲಿ ಬೀಳ್ಬೇಕು? ಕಾಲ ಮ್ಯಾಲ ಬೀಳ್ತೈತಿ.”

ನಮ್ಮವರು ಬಾಗಿಲಲ್ಲಿ ನಿಂತು, “ಬಿಟ್ಟುಬಿಡು, ಸಾಕು” ಎಂದರು. ಅವರು ತೃಪ್ತರಲ್ಲೇ ತೃಪ್ತರು. ಸಾರಿನಲ್ಲಿ ಉಪ್ಪಿಲ್ಲದಿದ್ದರೆ ಉಪ್ಪಿಲ್ಲದ ಸಾರೂ ಒಂದು ಬಗೆ ಎನ್ನುವ ಜನ. ಅವರು ಬಿಡು ಎಂದದ್ದೇ ನನಗೆ ಹಟವಾಯಿತು. ಭುಜ ಸ್ವಲ್ಪ ವಾಸಿಯಾಗುತ್ತಲೇ ಮತ್ತೆ ಬಯಲಿಗೆ ಹೋದೆ. ಆದರೆ ಅತ್ತೆಯ ಮಾತು ಕಿವಿಯಲ್ಲಿತ್ತು. ಸಾರ್ ಒತ್ತಾಯಕ್ಕೆ ನೀಲಾಳೂ ದಿನಾ ಎಸೆಯತೊಡಗಿದ್ದಳು. ಅವಳು ಎಸೆಯುವಾಗ ಬೇಕೆಂದೇ ಬೆಟ್ಟದ ಕಡೆ ನೋಡುತ್ತಿದ್ದೆ. ಬೆಟ್ಟ ನೋಡುವುದೂ ಒಂದು ಅಭ್ಯಾಸ, ನಿಧಾನಕ್ಕೆ ಬಂತು.

ಜಿಲ್ಲೆಯ ಆಯ್ಕೆ ಕರ್ನೂಲಿನಲ್ಲಿತ್ತು. ನಮ್ಮ ವಯಸ್ಸಿನ ಗುಂಪಿನಲ್ಲಿ ಗೆದ್ದ ಒಬ್ಬರೇ ರಾಜ್ಯದ ಕೂಟಕ್ಕೆ ಹೋಗುವುದು. ನಾನು ಹೆಸರು ಕೊಟ್ಟೆ. ನೀಲಾಳ ಹೆಸರನ್ನು ಸಾರ್ ಅವಳನ್ನು ಕೇಳದೆಯೇ ಕೊಟ್ಟಿದ್ದರು. ಎಮ್ಮಿಗನೂರಿನ ಮೇಲೆ ಹೋಗುವ ಬಸ್ಸಿನಲ್ಲಿ ನಾನು ದಾರಿಯುದ್ದಕ್ಕೂ ಹೆಜ್ಜೆಯ ಲೆಕ್ಕ ಹಾಕುತ್ತ ಹೋದೆ, ಅವಳು ಚುರುಮುರಿ ತಿನ್ನುತ್ತ ಬಂದಳು.

ಅಲ್ಲಿ ನನ್ನ ದಿನ ಚೆನ್ನಾಗಿತ್ತು. ಭುಜ ಮಾತು ಕೇಳಿತು. ಕೊನೆಯ ಸುತ್ತಿನ ಹೊತ್ತಿಗೆ ನಾನೇ ಎಲ್ಲರಿಗಿಂತ ಮುಂದಿದ್ದೆ. ನೀಲಾಳ ಮೊದಲೆರಡು ಎಸೆತ ಅವಳ ಮಟ್ಟದವಲ್ಲ. ಹೊಸ ಜಾಗ, ಸುತ್ತ ಜನ. ಉಳಿದಿದ್ದದ್ದು ಅವಳ ಒಂದೇ ಎಸೆತ. ಗುಂಡು ಕೈಯಲ್ಲಿ ಹಿಡಿದು ಅವಳು ಸೀದಾ ನನ್ನ ಬಳಿಗೆ ಬಂದಳು, ತಗ್ಗಿದ ದನಿಯಲ್ಲಿ ಹೇಳಿದಳು:

“ಅಕ್ಕ, ನಾ ಗೆರಿ ತುಳೀತೀನಿ. ಲೆಕ್ಕಕ್ಕ ಬರಂಗಿಲ್ಲ. ನೀನಾ ಹೋಗು.”

ಎಸೆಯುವಾಗ ವೃತ್ತದ ಗೆರೆ ತುಳಿದರೆ ಎಸೆತ ಲೆಕ್ಕಕ್ಕಿಲ್ಲ. ಬೇಕೆಂದೇ ತುಳಿದಳೆಂದು ಯಾರಿಗೂ ಗೊತ್ತಾಗುತ್ತಿರಲಿಲ್ಲ. ಆ ಕ್ಷಣದಲ್ಲಿ ನನ್ನ ಮನಸ್ಸು ಬೇಡವೆಂದಿತೆಂದು ಬರೆದುಕೊಳ್ಳಬಹುದು, ಕೇಳುವವರಾರು? ಆದರೆ ಅದು ಮೊದಲು ಆಗಲಿ ಎಂದಿತು. ಆಮೇಲೆ ಅವಳ ಮುಖ ನೋಡಿದೆ. ಬಸ್ಸಿನಲ್ಲಿ ಕಿಟಕಿ ಬಿಟ್ಟುಕೊಡುವ ಮುಖವೇ ಅದು. ಇಷ್ಟು ಕಾಲ ನಾನು ಕೂತ ಕಿಟಕಿಗಳೆಲ್ಲ ನಾನು ಗೆದ್ದವಲ್ಲ, ಅವಳು ಬಿಟ್ಟವು ಎಂದು ಅನ್ನಿಸಿ ಮೈಯೆಲ್ಲ ಉರಿದುಹೋಯಿತು.

“ಗೆರಿ ತುಳಿದು ನೋಡು, ಮನಿ ಮುಟ್ಟೋತನ ನಿನ್ನ ಜೋಡಿ ಮಾತಾಡಂಗಿಲ್ಲ” ಎಂದೆ. “ನನಗ ಬೇಕು, ಖರೆ. ಆದ್ರ ನೀ ಕೊಟ್ಟಿದ್ದು ಒಲ್ಲೆ. ಹೋಗು, ಎಷ್ಟು ಶಕ್ತಿ ಐತೋ ಅಷ್ಟು ಹಾಕಿ ಒಗಿ.”

ನೀಲಾ ಮಕ್ಕಳ ಹಟಕ್ಕೆ ನಿಟ್ಟುಸಿರು ಬಿಡುವಂತೆ ಒಂದು ಉಸಿರು ಬಿಟ್ಟು, ವೃತ್ತಕ್ಕೆ ಹೋಗಿ, ಎಸೆದಳು. ನಾನು ಬೆಟ್ಟ ನೋಡೋಣವೆಂದರೆ ಅಲ್ಲಿ ಬೆಟ್ಟವೂ ಇರಲಿಲ್ಲ. ಗುಂಡು ಹೋಗುವುದನ್ನೇ ನೋಡಿದೆ. ನನ್ನ ಗುರುತಿನ ಮೇಲೆ ಹಾದು, ಆಚೆ ಬಿತ್ತು.

ನೀಲಾ ಮೊದಲು, ನಾನು ಎರಡನೆಯವಳು.

ಹಿಂದಿರುಗುವ ಬಸ್ಸಿನಲ್ಲಿ ಕಿಟಕಿಯ ಪಕ್ಕ ಅವಳನ್ನೇ ಕೂರಿಸಿದೆ. ಅವಳೋ, ನನ್ನ ನೋಯುವ ಭುಜಕ್ಕೇ ತಲೆಯಿಟ್ಟು ಮಲಗಿಬಿಟ್ಟಳು. ಹತ್ತಿ ಹೇರಿದ ಲಾರಿಗಳು ಎದುರಿನಿಂದ ಬರುತ್ತಿದ್ದವು, ಹಾರಿದ ಹತ್ತಿಯ ಎಳೆ ಬಂದು ಅವಳ ಕೂದಲಿಗೆ ಅಂಟಿತು. ಅದನ್ನು ಮೆಲ್ಲಗೆ ತೆಗೆದೆ. ಎಬ್ಬಿಸಿಬಿಡಬೇಕೆಂದೂ ಅನ್ನಿಸಿತು, ಎಬ್ಬಿಸಬಾರದೆಂದೂ ಅನ್ನಿಸಿತು.

ಮನೆಗೆ ಬಂದ ಮೇಲೆ ಅವಳು ಸಲೀಸಾಗಿ ಹೇಳಿದಳು: ರಾಜ್ಯದ ಕೂಟ ಗುಂಟೂರಿನಲ್ಲಿ, ಅಷ್ಟು ದೂರ ತಾನು ಹೋಗುವುದಿಲ್ಲ, ಶಾಲೆಯ ಮಕ್ಕಳನ್ನು ಯಾರು ನೋಡಿಕೊಳ್ಳಬೇಕು. ಸುದ್ದಿ ಸಾರ್‌ಗೆ ಮುಟ್ಟಿತು. ಅವರು ನನ್ನನ್ನು ಬಯಲಿನಲ್ಲಿ ಪಕ್ಕಕ್ಕೆ ಕರೆದು, “ಆಮೆ ರಾನಂಟೆ ಮೀರೇ ವೆಳ್ಳಂಡಿ ಮೇಡಂ” ಎಂದರು. ಅವಳು ಬರುವುದಿಲ್ಲವೆಂದರೆ ನೀವೇ ಹೋಗಿ. ಎರಡನೆಯವರಿಗೆ ಆ ಹಕ್ಕಿದೆಯಂತೆ. ಇದರಲ್ಲಿ ಮೋಸವಿಲ್ಲ, ಯಾರೂ ಗೆರೆ ತುಳಿದಿಲ್ಲ.

ನಮ್ಮವರನ್ನು ಕೇಳಿದೆ. “ಹೋದ್ರ ಹೋಗು, ಇದ್ರ ಇರು. ಎರಡೂ ಛಲೋನ ಐತಿ” ಎಂದು ಪೇಪರು ಮಗುಚಿದರು. ಇಂಥವರನ್ನು ಕಟ್ಟಿಕೊಂಡು ಯಾವ ನಿರ್ಧಾರ ಮಾಡಲು ಸಾಧ್ಯ?

ನಾನೇ ಯೋಚಿಸಿದೆ. ಬೇಕು ಎನ್ನುವುದಕ್ಕೆ ನನ್ನೊಳಗೆ ಬೇಕಾದಷ್ಟು ದನಿಗಳಿವೆ. ಆದರೆ ಒಂದು ಸಣ್ಣ ಅನುಮಾನ ಕಾಲಲ್ಲಿ ಮುಳ್ಳಿನಂತೆ ಚುಚ್ಚುತ್ತಿತ್ತು. ಹೆಡ್ಮಿಸ್ಟ್ರೆಸ್ ಆಗಲು ಒಲ್ಲೆ ಎಂದಾಗ ನೀಲಾ ಆ ಮಕ್ಕಳ ಮುಖದ ಮಾತಾಡಿದ್ದಳು. ಮಾತಾಡುವಾಗ ಅವಳ ಮುಖವೂ ಬೆಳಗಿತ್ತು. ಗುಂಟೂರಿಗೆ ಒಲ್ಲೆ ಎಂದಾಗ ಮಕ್ಕಳ ಹೆಸರೇನೋ ಬಂತು, ಆದರೆ ಅವಳು ನೆಲ ನೋಡುತ್ತಿದ್ದಳು. ಎರಡೂ ಒಂದೇ ಪದ, ಒಲ್ಲೆ. ಒಂದೇ ಅಲ್ಲವೆಂದು ನನಗನ್ನಿಸಿತು.

ಭಾನುವಾರ ಮಾಳಿಗೆಯ ಮೇಲೆ ಬಟ್ಟೆ ಒಣಗಹಾಕುತ್ತಿದ್ದೆವು. ನಡುವೆ ಒಂದು ಹಸಿ ದುಪ್ಪಟಿ. ಎದುರೆದುರು ನಿಂತು ಕೇಳಲಾಗದ್ದನ್ನು ದುಪ್ಪಟಿಯ ಮರೆಯಲ್ಲಿ ಕೇಳಬಹುದು.

“ನೀಲಾ, ಒಂದು ಮಾತು ಖರೆ ಹೇಳು. ಗುಂಟೂರಿಗೆ ಒಲ್ಲೆ ಅಂತೀಯೋ, ಅಂಜ್ತೀಯೋ?”

ಆ ಕಡೆ ಅವಳು ಒಂದು ಬಟ್ಟೆಯನ್ನು ಜೋರಾಗಿ ಜಾಡಿಸಿದಳು.

“ನಗ್ತಾರಕ್ಕ” ಎಂದಳು. “ಇಲ್ಲಿ ನಾ ಆಟಕ್ಕ ಒಗೀತೀನಿ. ಬಿದ್ದಷ್ಟು ಬಿತ್ತು. ಅಲ್ಲಿ ಖರೇನ ಒಗೀಬೇಕು. ಖರೇನ ಒಗದು ಸೋತ್ರ, ಇಷ್ಟಾ ಏನು ಈಕಿದು, ಅಂತಾರ. ಒಲ್ಲೆ ಅಂದ್ರ ಯಾರೂ ಏನೂ ಅನ್ನಂಗಿಲ್ಲ.”

“ಹೆಡ್ಮಿಸ್ಟ್ರೆಸ್ ಒಲ್ಲೆ ಅಂದಿದ್ದೂ ಹಿಂಗಾ ಏನು?”

“ಛೆ! ಅದು ಖರೇನ ಒಲ್ಲೆ.” ದುಪ್ಪಟಿ ಸರಿಸಿ ಅವಳು ಈ ಕಡೆ ಬಂದಳು. ಕಣ್ಣು ತುಂಬಿದ್ದವು. “ಅದು ಹೊಟ್ಟಿ ತುಂಬಿ ಒಲ್ಲೆ ಅಂದಿದ್ದಕ್ಕ. ಇದು ತಾಟು ನೋಡಿ ಅಂಜಿ ಒಲ್ಲೆ ಅಂದಿದ್ದು.”

ಇಷ್ಟು ಪರೀಕ್ಷೆ ಬರೆದ ನಾನು ಈ ಒಂದು ಪ್ರಶ್ನೆಯನ್ನು ನನಗೆ ನಾನೇ ಯಾವತ್ತೂ ಹಾಕಿಕೊಂಡಿರಲಿಲ್ಲ. ಅವಳ ಒಲ್ಲೆಯಲ್ಲಿ ಎರಡು ಬಗೆ ಇದ್ದಂತೆ ನನ್ನ ಬೇಕಿನಲ್ಲೂ ಎರಡು ಬಗೆ ಇದ್ದವು. ಗುಂಡು ಕೈಯಿಂದ ಬಿಡುಗಡೆಯಾಗುವ ಗಳಿಗೆಯಲ್ಲಿ ಮೈಯೆಲ್ಲ ಒಂದೇ ಆಗುವ ಆ ಸುಖಕ್ಕಾಗಿ ಬೇಕು ಎನ್ನುವುದು ಒಂದು. ಬೇರೆಯವರು ನನಗಿಂತ ಮುಂದಿದ್ದಾರಲ್ಲ ಎಂದು ಹೆದರಿ ಬೇಕು ಎನ್ನುವುದು ಇನ್ನೊಂದು. ಮೊದಲನೆಯದು ಹಸಿವು, ಉಂಡರೆ ತಣಿಯುತ್ತದೆ, ಮರುದಿನ ಮತ್ತೆ ಆಗುತ್ತದೆ. ಎರಡನೆಯದಕ್ಕೆ ಎಷ್ಟು ಬಡಿಸಿದರೂ ಅದು ಪಕ್ಕದ ಎಲೆಯನ್ನೇ ನೋಡುತ್ತಿರುತ್ತದೆ. ಮಾಳಿಗೆಯ ಮೇಲೆ ಆ ಹೊತ್ತಿಗೆ ನನಗೆ ಇಷ್ಟೆಲ್ಲ ಸ್ಪಷ್ಟವಾಯಿತೆಂದಲ್ಲ. ಆಗ ಹೊಳೆದದ್ದು ಒಂದೇ: ಇವಳನ್ನು ಗುಂಟೂರಿಗೆ ಕರೆದುಕೊಂಡು ಹೋಗಬೇಕು.

“ನಡೀ, ನಾ ಬರ್ತೀನಿ ನಿನ್ನ ಜೋಡಿ. ನಕ್ರ ಇಬ್ಬರ್ನೂ ನೋಡಿ ನಗ್ಲಿ.”

“ನೀ ಒಗೀಬೇಕಿತ್ತಲ್ಲಕ್ಕ ಅಲ್ಲಿ...”

“ಮುಂದಿನ ವರ್ಷ ಒಗೀತೀನಿ. ನಿನ್ನ ಸೋಲಿಸಿ ಹೋಗ್ತೀನಿ. ಈಗ ಬಾಯಿ ಮುಚ್ಚಿ ಬಟ್ಟಿ ಹಾಕು.”

ಗುಂಟೂರಿನ ಬಯಲು ನೋಡಿ ನಾನೂ ಅಂಜಿದೆ. ಕರಾವಳಿ ಜಿಲ್ಲೆಗಳಿಂದ ಬಂದ ಹೆಂಗಸರು, ಒಬ್ಬೊಬ್ಬರೂ ಬಿಗಿದು ಕಟ್ಟಿದ ಹತ್ತಿಯ ಅಂಡಿಗೆಯಷ್ಟು ಗಟ್ಟಿ. ಕಾಲಿಗೆ ಬೇರೆಯೇ ಬಗೆಯ ಬೂಟು, ಮಣಿಕಟ್ಟಿಗೆ ಸುತ್ತಿಕೊಳ್ಳಲು ಪಟ್ಟಿ, ಅಂಗೈಗೆ ಹಚ್ಚಲು ಬಿಳಿ ಪುಡಿ. ನಮ್ಮ ತೆಲುಗು ಕೇಳಿ ಒಬ್ಬಾಕೆ ನೀವು ಕರ್ನಾಟಕದವರಾ ಎಂದು ಕೇಳಿದರು. ಅಲ್ಲ, ಆದೋನಿ ಎಂದೆ. ಬಳ್ಳಾರಿಗೆ ಹೋದರೆ ನೀವು ಆಂಧ್ರದವರಾ ಎನ್ನುತ್ತಾರೆ. ಇವೆರಡಕ್ಕೂ ನಾವು ಒಗ್ಗಿಹೋದವರು.

ನೀಲಾಳ ಮೊದಲ ಎಸೆತ ನಾಚಿಕೆಯಾಗುವಷ್ಟು ಹತ್ತಿರ ಬಿತ್ತು. ಯಾರೋ ನಕ್ಕರು. ನಕ್ಕೇಬಿಟ್ಟರು. ಅವಳು ಹೆದರಿದ್ದ ಆ ನಗೆ ಬಂದು, ಅವಳ ಮೇಲೆ ಹಾದು ಹೋಯಿತು. ಅವಳು ಹಾಗೆಯೇ ನಿಂತಿದ್ದಳು. ಎರಡನೆಯದರಲ್ಲಿ ಕಾಲು ಗೆರೆ ತುಳಿಯಿತು, ಈ ಸಲ ನಿಜವಾಗಿ. ಮೂರನೆಯದಕ್ಕೆ ಹೋಗುವ ಮುನ್ನ ನನ್ನ ಕಡೆ ತಿರುಗಿ ನೋಡಿದಳು. ಬೇಲಿಯ ಆಚೆಯಿಂದ ಗಂಟಲು ಹರಿಯುವಂತೆ ಕೂಗಿದೆ: “ನೀಲಾ, ಒಗಿ! ಯಾರ್ ನಡೀತಾರ ಅಷ್ಟು ದೂರ!”

ಅವಳು ನಕ್ಕಳು. ನಗುತ್ತಲೇ ಹಲ್ಲು ಕಚ್ಚಿದಳು. ಅವಳು ಹಲ್ಲು ಕಚ್ಚಿದ್ದನ್ನು ನಾನು ನೋಡಿದ್ದು ಅದೇ ಮೊದಲು. ಮೈ ತಿರುಗಿತು, ತೋಳು ಚಾಚಿತು, ಹೊಟ್ಟೆಯಾಳದಿಂದ ಒಂದು ಕೂಗು ಬಂತು. ಒಂದನೇ ತರಗತಿಯ ಮಕ್ಕಳು ಕೇಳಿದ್ದರೆ ಬೆಂಚಿನ ಕೆಳಗೆ ಸೇರುತ್ತಿದ್ದವು. ಗುಂಡು ಬಿದ್ದ ಕೂಡಲೇ ಅವಳು ನನ್ನ ಕಡೆಗಲ್ಲ, ಟೇಪು ಹಿಡಿದವರ ಕಡೆಗೆ ಓಡಿದಳು.

“ಎಂತ ವಚ್ಚಿಂದಿ? ಎಂತ ವಚ್ಚಿಂದಿ ಸಾರ್?”

ಎಷ್ಟು ಬಂತು, ಎಷ್ಟು ಬಂತು! ಇವಳು ಕೇಳುತ್ತಿದ್ದಾಳೆ! ಅವಳ ಆವರೆಗಿನ ಎಲ್ಲ ಎಸೆತಗಳಿಗಿಂತ ಹೆಚ್ಚು ಬಂದಿತ್ತು. ಪದಕಕ್ಕೆ ಸಾಲುವಷ್ಟು ಬಂದಿರಲಿಲ್ಲ. ಗೆದ್ದವರ ಹೆಸರು ಕರೆಯುವಾಗ ನಾವಿಬ್ಬರೂ ನೆರಳಿನಲ್ಲಿ ಕೂತು ಚಪ್ಪಾಳೆ ತಟ್ಟಿದೆವು. ನನ್ನ ಹೊಟ್ಟೆಯಲ್ಲಿ ಆಗಲೂ ಒಂದು ಸಣ್ಣ ಉರಿ ಇತ್ತು, ಇರಲಿಲ್ಲವೆಂದು ಹೇಳಿದರೆ ನೀವು ನಂಬಬಾರದು. ಆದರೆ ಅದು ಅಡಿಗೆ ಬೇಯಿಸುವಷ್ಟು ಉರಿ, ಮನೆ ಸುಡುವಷ್ಟಲ್ಲ. ನೀಲಾ ಮಾತ್ರ ಚಪ್ಪಾಳೆಯ ನಡುವೆಯೇ ಬಗ್ಗಿ, ಮೂರನೆಯ ಬಹುಮಾನ ಪಡೆದ ಹೆಂಗಸಿನ ಬೂಟನ್ನೇ ನೋಡುತ್ತಿದ್ದಳು.

“ಅಕ್ಕ, ಅಂಥ ಬೂಟು ಆದೋನ್ಯಾಗ ಸಿಗ್ತಾವೇನು?”

ಅಲ್ಲಿಂದಾಚೆಗೆ ನಮ್ಮ ಮನೆಯ ನೆಮ್ಮದಿ ಕೆಟ್ಟಿದೆ. ಮೊದಲು ಅವಳನ್ನು ನಾನು ಎಬ್ಬಿಸುತ್ತಿದ್ದೆ, ಈಗ ಅವಳು ಮೇಲಿನಿಂದ ಇಳಿದು ಬಂದು ನಮ್ಮ ಬಾಗಿಲು ಬಡಿಯುತ್ತಾಳೆ. ಶಾಲೆಯನ್ನು ಮಾತ್ರ ಬಿಟ್ಟುಕೊಟ್ಟಿಲ್ಲ. ಮೊನ್ನೆ ಮತ್ತೆ ಹೆಡ್ಮಿಸ್ಟ್ರೆಸ್ ಮಾತು ಬಂದಾಗ ಮೊದಲಿನಷ್ಟೇ ಖುಷಿಯಿಂದ ಒಲ್ಲೆ ಎಂದು ಬಂದಳು. ನಾನು ಈ ಸಲ ಕುದಿಯಲಿಲ್ಲ. ನನಗೂ ಕಚೇರಿಯಲ್ಲಿ ಇನ್ನೊಂದು ಪರೀಕ್ಷೆಯ ಸುದ್ದಿ ಬಂತು. ಅದು ಯಾವ ಬಗೆಯ ಬೇಕು ಎಂದು ಕೇಳಿಕೊಂಡೆ, ಪಕ್ಕದ ಎಲೆಯ ಬೇಕು ಎಂದು ಗೊತ್ತಾಯಿತು, ಬಿಟ್ಟೆ. ಗುಂಡಿನ ಬೇಕನ್ನು ಮಾತ್ರ ಬಿಟ್ಟಿಲ್ಲ. ಭುಜ ವಾಸಿಯಾಗಿದೆ. ನನ್ನ ಎಸೆತ ಮೊದಲಿಗಿಂತ ಮುಂದೆ ಹೋಗಿದೆ. ಅವಳದು ಅದಕ್ಕಿಂತ ಮುಂದೆ. ಇರಲಿ, ಕರ್ನೂಲಿನ ಬಸ್ಸು ವರ್ಷಕ್ಕೊಮ್ಮೆ ಬಂದೇ ಬರುತ್ತದೆ.

ಈ ಊರಿನ ಒಂದು ಪದದ ವಿಷಯ ಹೇಳಿ ಮುಗಿಸುತ್ತೇನೆ. ತೆಲುಗಿನಲ್ಲಿ ‘ಚಾಲು’ ಎಂದರೆ ಸಾಕು. ನಮ್ಮ ಕನ್ನಡದಲ್ಲೂ ಬಜಾರಿನ ಉರ್ದುವಿನಲ್ಲೂ ಚಾಲೂ ಎಂದರೆ ಶುರು. ಎರಡನ್ನೂ ದಿನಾ ಆಡುವ ಆದೋನಿಯಲ್ಲಿ ಇದರಿಂದ ಆಗುವ ಅನಾಹುತ ಅಷ್ಟಿಷ್ಟಲ್ಲ. ತೊಟ್ಟಿ ತುಂಬಿತೆಂದು, ಹಿಂದೊಮ್ಮೆ ನಮ್ಮ ಹಿತ್ತಿಲ ಕೋಣೆಯಲ್ಲಿ ಬಾಡಿಗೆಗೆ ಇದ್ದ ತೆಲುಗಿನವರು ‘ಚಾಲು, ಚಾಲು’ ಎಂದು ಕೂಗುತ್ತಿದ್ದರೆ, ಆರಿಸಲು ಹೋದ ಅತ್ತೆ ಮೋಟಾರು ಹಾಗೇ ಬಿಟ್ಟು ಬಂದು ಅಂಗಳವೆಲ್ಲ ಕೆರೆ ಮಾಡಿದ್ದುಂಟು.

ಮೊನ್ನೆ ಬೆಳಿಗ್ಗೆ ಬಿಸಿಲು ಏರಿತ್ತು. ಇಬ್ಬರಿಗೂ ಬೆವರು ಇಳಿಯುತ್ತಿತ್ತು. ಬಯಲಿನ ಆ ತುದಿಯಿಂದ ಪಿ.ಟಿ. ಸಾರ್ ಕೈಯೆತ್ತಿ ಕೂಗಿದರು: “ಚಾಲು ಮೇಡಂ, ಚಾಲು!” ಅವರು ಹೇಳಿದ್ದು ತೆಲುಗಿನಲ್ಲಿ, ಅದರಲ್ಲಿ ಅನುಮಾನವಿಲ್ಲ. ನಾನು ತೆಲುಗಿನಲ್ಲೇ ಕೇಳಿಸಿಕೊಂಡು, ಕಟ್ಟೆಯ ಮೇಲೆ ಕೂತು ಚಹಾ ಬಗ್ಗಿಸಿಕೊಂಡೆ. ನೀಲಾ ಗುಂಡು ಎತ್ತಿಕೊಂಡು ಮತ್ತೆ ವೃತ್ತದ ಕಡೆ ನಡೆದಳು.

“ಎಲ್ಲಿಗೆ? ಸಾಕು ಅಂದ್ರಲ್ಲ ಸಾರು!”

“ಚಾಲೂ ಅಂದಾರಕ್ಕ” ಎಂದಳು, ತಿರುಗಿಯೂ ನೋಡದೆ. “ನಾ ಕನ್ನಡದಾಗ ಕೇಳಿಸ್ಕೊಂಡೆ.”

ಚಹಾ ಬಿಸಿಯಾಗಿತ್ತು, ಶುಂಠಿ ಹದವಾಗಿತ್ತು. ಅವಸರ ಮಾಡದೆ, ಕೊನೆಯ ಗುಟುಕಿನವರೆಗೂ ಪೂರ್ತಿ ಕುಡಿದೆ. ಆಮೇಲೆ ಲೋಟ ಕೆಳಗಿಟ್ಟು, ವೇಲನ್ನು ಸೊಂಟಕ್ಕೆ ಬಿಗಿದು, ಹೋಗಿ ಅವಳ ಹಿಂದೆ ನನ್ನ ಸರದಿಗೆ ನಿಂತೆ.